ಗಣನೆಯ ನಿಲುಗಡೆ

‘ನಿಲ್ಲು’ ಎಂಬ ಧಾತುವಿಗೆ ಹಲವು ಅರ್ಥಚ್ಛಾಯೆಗಳುಂಟು. ದಣಿದ ಎತ್ತು ನಡುದಾರಿಯಲ್ಲಿ ನಿಲ್ಲುತ್ತದೆ. ಊರು ಸೇರಿದ ಪಯಣಿಗನೂ ನಿಲ್ಲುತ್ತಾನೆ. ಮೊದಲನೆಯದು ತಡೆ, ಎರಡನೆಯದು ಮುಕ್ತಾಯ. ಗಣನೆಯೊಂದು ನಿಂತಿತೆಂದು ಗಣಿತಜ್ಞರು ಹೇಳುವಾಗ ಗ್ರಹಿಸಬೇಕಾದುದು ಈ ಎರಡನೆಯ ಅರ್ಥವನ್ನು. ವಿದ್ಯುತ್ತು ಹೋಗಿ ಯಂತ್ರ ಸ್ತಬ್ಧವಾದರೆ ಅದು ನಿಲುಗಡೆಯಲ್ಲ. ವಿಧಿಸಿದ ಕ್ರಮವನ್ನೆಲ್ಲ ಪಾಲಿಸಿ, ಮುಂದೆ ಮಾಡಬೇಕಾದುದೇನೂ ಉಳಿಯದಿರುವುದೇ ನಿಲುಗಡೆ.

ಕೆಲವು ಗಣನೆಗಳು ನಿಲ್ಲಲೇಬೇಕೆಂಬುದನ್ನು ಮೊದಲೇ ತಿಳಿಯಬಹುದು. ಮಹತ್ತಮ ಸಾಮಾನ್ಯ ಅಪವರ್ತನವನ್ನು ಕಾಣಲು ಯೂಕ್ಲಿಡನು ಹೇಳಿದ ವಿಧಾನ ಅಂತಹುದು. 48ನ್ನು 18ರಿಂದ ಭಾಗಿಸಿದರೆ ಶೇಷ 12. 18ನ್ನು 12ರಿಂದ ಭಾಗಿಸಿದರೆ ಶೇಷ 6. 12ನ್ನು 6ರಿಂದ ಭಾಗಿಸಿದರೆ ಶೇಷ ಸೊನ್ನೆ. ಉತ್ತರ 6. ಹೆಜ್ಜೆಹೆಜ್ಜೆಗೂ ಶೇಷ ಕುಗ್ಗುತ್ತದೆ. ಸೊನ್ನೆಗಿಂತ ಕೆಳಗೆ ಇಳಿಯಲಾರದು. ಆದುದರಿಂದ ಗಣನೆ ಕೊನೆಗಾಣಲೇಬೇಕು.

ಇನ್ನೊಂದು ಕ್ರಮವನ್ನು ನೋಡೋಣ. ಸಂಖ್ಯೆ ಸಮವಾಗಿದ್ದರೆ ಅರ್ಧಿಸಬೇಕು. ಬೆಸವಾಗಿದ್ದರೆ ಮೂರರಿಂದ ಗುಣಿಸಿ ಒಂದನ್ನು ಕೂಡಿಸಬೇಕು. 1 ಬಂದೊಡನೆ ನಿಲ್ಲಿಸಬೇಕು. 6ರಿಂದ ಹೊರಟರೆ 8 ಹೆಜ್ಜೆಗಳಲ್ಲಿ ಮುಗಿಯುತ್ತದೆ. 27ರಿಂದ ಹೊರಟರೆ 9,232ರವರೆಗೆ ಏರಿ, 111 ಹೆಜ್ಜೆಗಳ ಬಳಿಕ 1ಕ್ಕೆ ಇಳಿಯುತ್ತದೆ. ಎಲ್ಲ ಸಂಖ್ಯೆಗಳಿಗೂ ಹೀಗೆಯೇ ಆಗುವುದೆಂದು ಯಾರೂ ಸಿದ್ಧಪಡಿಸಿಲ್ಲ. ಕಾದು ನೋಡಿ ತಿಳಿಯೋಣವೆಂದರೆ, ನಿಂತ ಗಣನೆಯ ವಿಷಯದಲ್ಲಿ ಉತ್ತರ ದೊರೆಯುತ್ತದೆ. ನಿಲ್ಲದಿರುವುದರ ವಿಷಯದಲ್ಲಿ ಎಷ್ಟು ಕಾದರೂ ಅದು ತಡವೋ, ಅನಂತವೋ ಎಂಬುದು ತಿಳಿಯದು.

ಹಾಗಾದರೆ ಯಾವುದೇ ಕ್ರಮವಿಧಿಯನ್ನು ಪರೀಕ್ಷಿಸಿ ‘ನಿಲ್ಲುವುದು’ ಅಥವಾ ‘ನಿಲ್ಲದು’ ಎಂದು ತಪ್ಪದೆ ತೀರ್ಪು ಕೊಡುವ ಒಂದೇ ವಿಧಾನ ಸಾಧ್ಯವೆ? ಆಂಗ್ಲ ಗಣಿತಜ್ಞ ಅಲನ್ ಟ್ಯೂರಿಂಗ್ 1936ರಲ್ಲಿ ಇದಕ್ಕೆ ತೀರ ಸಮೀಪದ ಪ್ರಶ್ನೆಯನ್ನೆತ್ತಿ, ಸಾಧ್ಯವಿಲ್ಲವೆಂದು ತೋರಿಸಿದನು. ಪ್ರಶ್ನೆಗೆ ಈಗಿನ ರೂಪ ಬಂದುದು ಅನಂತರ.

ವಾದದ ತಿರುಳು ಇಷ್ಟು: ಅಂತಹ ನಿರ್ಣಾಯಕವೊಂದು ಇದೆಯೆಂದು ಭಾವಿಸೋಣ. ಅದನ್ನು ಬಳಸಿ ಒಂದು ವಿಲೋಮವಿಧಿಯನ್ನು ರಚಿಸಬಹುದು. ಇದು ತನಗೆ ಒಪ್ಪಿಸಿದ ವಿಧಿಯು ತನ್ನ ಪಾಠವನ್ನೇ ಓದಿಕೊಂಡರೆ ನಿಲ್ಲುವುದೇ ಎಂದು ನಿರ್ಣಾಯಕವನ್ನು ಕೇಳುತ್ತದೆ. ‘ನಿಲ್ಲುವುದು’ ಎಂಬ ಉತ್ತರ ಬಂದರೆ ತಾನು ಕೊನೆಯಿಲ್ಲದೆ ಸುತ್ತುತ್ತದೆ, ‘ನಿಲ್ಲದು’ ಎಂದರೆ ತಾನು ನಿಲ್ಲುತ್ತದೆ. ಈ ವಿಲೋಮವಿಧಿಗೆ ಅದರ ಪಾಠವನ್ನೇ ಒಪ್ಪಿಸಿದರೆ? ನಿರ್ಣಾಯಕ ಯಾವ ತೀರ್ಪು ಕೊಟ್ಟರೂ ನಡೆಯುವುದು ಅದಕ್ಕೆ ವಿರುದ್ಧ. ಆದುದರಿಂದ ಅಂತಹ ನಿರ್ಣಾಯಕ ಇರಲಾರದು. ಇದು ಯಂತ್ರದ ವೇಗದ ಕೊರತೆಯಲ್ಲ, ತರ್ಕವೇ ಹಾಕಿದ ಎಲ್ಲೆ.

ಇಷ್ಟರಿಂದ ವಿಚಾರಕ್ಕೆ ಬಾಗಿಲು ಮುಚ್ಚಿತೆಂದು ತಿಳಿಯಬಾರದು. ಎಲ್ಲಕ್ಕೂ ಸಲ್ಲುವ ಒಂದೇ ವಿಧಾನವಿಲ್ಲವೆಂದಷ್ಟೇ ಇದರ ತಾತ್ಪರ್ಯ; ಬಿಡಿಬಿಡಿಯಾಗಿ ವಿಚಾರಿಸಿ ತಿಳಿಯುವುದಕ್ಕೆ ಅಡ್ಡಿಯಿಲ್ಲ. 1962ರಲ್ಲಿ ಟಿಬೊರ್ ರಾಡೊ ಒಂದು ಸಮಸ್ಯೆಯನ್ನು ಮುಂದಿಟ್ಟನು: ಇಂತಿಷ್ಟೇ ಸ್ಥಿತಿಗಳುಳ್ಳ ಟ್ಯೂರಿಂಗ್ ಯಂತ್ರಗಳು ಬರಿದಾದ ಪಟ್ಟಿಯಿಂದ ಹೊರಟಾಗ, ಕೊನೆಗೆ ನಿಲ್ಲುವಂಥವುಗಳಲ್ಲಿ ಅತಿ ದೀರ್ಘವಾಗಿ ನಡೆಯುವುದು ಯಾವುದು? ಎರಡು ಚಿಹ್ನೆಗಳನ್ನು ಬಳಸುವ ಐದು ಸ್ಥಿತಿಗಳ ಯಂತ್ರಗಳಲ್ಲಿ 4,71,76,870 ಹೆಜ್ಜೆ ನಡೆದು ನಿಲ್ಲುವ ಒಂದನ್ನು 1989ರಲ್ಲಿ ಕಂಡುಹಿಡಿದರು. ಅದಕ್ಕಿಂತ ದೀರ್ಘವಾದುದಿಲ್ಲವೆಂಬುದು 2024ರಲ್ಲಿ ಸಿದ್ಧವಾಯಿತು. ಉಳಿದ ಯಂತ್ರಗಳಲ್ಲಿ ಪ್ರತಿಯೊಂದೂ ಅಷ್ಟರೊಳಗೆ ನಿಲ್ಲುವುದು, ಇಲ್ಲವೆ ಎಂದೂ ನಿಲ್ಲದೆಂದು ಬಗೆಬಗೆಯ ವಾದಗಳಿಂದ ತೋರಿಸಿದ ಮೇಲೆಯೇ ಆ ಸಿದ್ಧಾಂತ ನೆಲೆಗೊಂಡಿತು.