ಸಿಡ್ನಿಯ ದತ್ತಿ ಉಪನ್ಯಾಸ: ಅತಿಥಿ ವಿಮರ್ಶಕರಿಗೆ ಸಿಕ್ಕ ಮರುತ್ತರ

ವಿದೇಶದ ಕಲಾವಿಮರ್ಶಕರೊಬ್ಬರನ್ನು ಕರೆಸಿ ಸಾರ್ವಜನಿಕ ಉಪನ್ಯಾಸ ಏರ್ಪಡಿಸುವುದು ಈಗ ಅಪರೂಪವಲ್ಲ. ಸಭಾಂಗಣ ತುಂಬುತ್ತದೆ, ಹಾರ-ತುರಾಯಿ ಸಲ್ಲುತ್ತವೆ, ಕೊನೆಯಲ್ಲಿ ಸಮಯವಿದ್ದರೆ ಎರಡು ಪ್ರಶ್ನೆಗಳು. ಅತಿಥಿಯ ಮಾತಿಗೆ ಸ್ಥಳೀಯರು ಕೊಟ್ಟ ಉತ್ತರವೇನು ಎಂಬುದು ಸಾಮಾನ್ಯವಾಗಿ ದಾಖಲಾಗುವುದಿಲ್ಲ. ಅದು ದಾಖಲಾದ ಒಂದು ಪ್ರಸಂಗ ಆಸ್ಟ್ರೇಲಿಯದ ಸಿಡ್ನಿಯಲ್ಲಿ 1968ರಲ್ಲಿ ಆರಂಭವಾಯಿತು.

ಅದರ ಮೂಲ ಒಂದು ಉಯಿಲು. ಸಿಡ್ನಿಯಲ್ಲಿ ವೈದ್ಯಶಾಸ್ತ್ರ ಕಲಿತು, ಬಳಿಕ ಯುರೋಪಿನಲ್ಲಿ ನೆಲೆಸಿ ಚಿತ್ರಕಾರರಾದ ಜಾನ್ ಪವರ್ 1943ರಲ್ಲಿ ನಿಧನರಾದರು. ಅವರ ಪತ್ನಿ 1961ರಲ್ಲಿ ತೀರಿಕೊಂಡ ಮೇಲೆ ದೊಡ್ಡ ಮೊತ್ತದ ಆಸ್ತಿ ಸಿಡ್ನಿ ವಿಶ್ವವಿದ್ಯಾಲಯಕ್ಕೆ ಬಂತು. ಕಲೆಯ ಹೊಚ್ಚಹೊಸ ವಿಚಾರಗಳು ಉಪನ್ಯಾಸ, ಬೋಧನೆ ಹಾಗೂ ಕಲಾಕೃತಿಗಳ ಖರೀದಿಯ ಮೂಲಕ ಆಸ್ಟ್ರೇಲಿಯದ ಜನರಿಗೆ ತಲುಪಬೇಕೆಂಬುದು ದಾನಿಯ ಆಶಯವಾಗಿತ್ತು. ದೂರದ ಆ ಭೂಖಂಡದ ಕಲಾವಿದರು ನ್ಯೂಯಾರ್ಕಿನ ವರ್ಣಚಿತ್ರಗಳನ್ನು ಬಹುಮಟ್ಟಿಗೆ ಪತ್ರಿಕೆಗಳ ಪುಟಗಳಲ್ಲೇ ಕಾಣಬೇಕಿದ್ದ ಕಾಲವದು. ಇಪ್ಪತ್ತು ವರ್ಷಗಳ ಅಮೆರಿಕನ್ ಚಿತ್ರಕಲೆಯ ಸಂಚಾರಿ ಪ್ರದರ್ಶನವೊಂದು ಮೆಲ್ಬರ್ನ್, ಸಿಡ್ನಿಗಳನ್ನು ಮುಟ್ಟಿದ್ದು 1967ರಲ್ಲಿ. ಅದೇ ವರ್ಷ, ಅದಕ್ಕೂ ಮೊದಲು, ಅದು ದೆಹಲಿಯಲ್ಲಿ ನಡೆದಿತ್ತು.

ಹೀಗಿರುವಾಗ ಮೊದಲ ಪವರ್ ಉಪನ್ಯಾಸಕ್ಕೆ ನ್ಯೂಯಾರ್ಕಿನ ಕ್ಲೆಮೆಂಟ್ ಗ್ರೀನ್‌ಬರ್ಗ್ ಅವರಿಗೆ ಆಹ್ವಾನ ಹೋಯಿತು. ಜಾಕ್ಸನ್ ಪೊಲಾಕ್ ಅವರ ಅಮೂರ್ತ ಚಿತ್ರಗಳ ಮಹತ್ವವನ್ನು ಬಹು ಮೊದಲೇ ಗುರುತಿಸಿದ್ದ ಅವರು ಆಗ ಅತ್ಯಂತ ಪ್ರಭಾವಶಾಲಿ ವಿಮರ್ಶಕರು. 1968ರ ಮೇ 17ರಂದು ಮಾತನಾಡಿದ ಅವರು, ಬೆರಗು ಹುಟ್ಟಿಸುವ ಹೊಸತನವೆಲ್ಲ ಶ್ರೇಷ್ಠ ಕಲೆಯಲ್ಲ, ಗುಣಮಟ್ಟವನ್ನು ಅಳೆಯಬೇಕಾದದ್ದು ಅಭಿರುಚಿಯೇ ಎಂದು ವಾದಿಸಿದರು. ಅಭಿರುಚಿ ಯಾರದು ಎಂಬುದೇ ತೊಡಕಿನ ಪ್ರಶ್ನೆ. ದೊಡ್ಡ ನಗರದಿಂದ ಬಂದವರ ಅಭಿಪ್ರಾಯವು ಕೇಳುಗರಿಗೆ ತೀರ್ಪಾಗಿ ತೋರುವುದು ಸುಲಭ.

ಆದರೆ ಸಂಘಟಕರು ಒಂದು ವಿವೇಕದ ಕೆಲಸ ಮಾಡಿದರು. 1969ರಲ್ಲಿ ಅದೇ ವೇದಿಕೆಯನ್ನು ಇಂಗ್ಲೆಂಡಿನಿಂದ ಬಂದು ಆಸ್ಟ್ರೇಲಿಯದಲ್ಲಿ ನೆಲೆಸಿದ್ದ ವಿಮರ್ಶಕ ಡೊನಾಲ್ಡ್ ಬ್ರೂಕ್ ಅವರಿಗೆ ಕೊಟ್ಟರು. ಕಣ್ಣಿಗೆ ಇಂಪಾದ ವಸ್ತುವನ್ನು ತಯಾರಿಸುವುದೇ ಕಲೆಯೆಂಬ ನಂಬಿಕೆಯನ್ನು ಅವರು ಪ್ರಶ್ನಿಸಿದರು. ವಸ್ತುವನ್ನು ಬಿಟ್ಟು ಪ್ರಯೋಗ, ಕ್ರಿಯೆಗಳತ್ತ ಹೊರಳುತ್ತಿದ್ದ ಕಿರಿಯ ಕಲಾವಿದರಿಗೆ ಅವರ ವಾದ ಆಸರೆಯಾಯಿತು. ದತ್ತಿಯ ಹಣ ಸಾರ್ಥಕವಾದದ್ದು ಬಹುಶಃ ಈ ಎರಡನೆಯ ಉಪನ್ಯಾಸದಿಂದಲೇ.

ವಾಗ್ವಾದ ಅಲ್ಲಿಗೂ ನಿಲ್ಲಲಿಲ್ಲ. 1974ರಲ್ಲಿ ಆಸ್ಟ್ರೇಲಿಯದ ಟೆರ್ರಿ ಸ್ಮಿತ್, ಹೊರಗಿನವರು ವಿಧಿಸಿದ ಮೌಲ್ಯಗಳಿಗೆ ತಲೆಬಾಗುವ ಪ್ರಾಂತೀಯ ಮನೋಭಾವವನ್ನು ಕುರಿತು ಪ್ರಸಿದ್ಧ ಲೇಖನ ಬರೆದರು. ಅದು ಅಚ್ಚಾದದ್ದು ಮಾತ್ರ ನ್ಯೂಯಾರ್ಕಿನ ‘ಆರ್ಟ್‌ಫೋರಂ’ ಪತ್ರಿಕೆಯಲ್ಲಿ.