ವೇವರ್ ಬೇರೆ, ರಿಲೀಫ್ ಬೇರೆ

ಕೇಂದ್ರ ಸರ್ಕಾರ 2008ರಲ್ಲಿ ತಂದ ಕೃಷಿ ಸಾಲದ ಯೋಜನೆಯ ಹೆಸರಿನಲ್ಲೇ ಎರಡು ಇಂಗ್ಲಿಷ್ ಪದಗಳಿದ್ದವು: ಡೆಟ್ ವೇವರ್, ಡೆಟ್ ರಿಲೀಫ್. ನಮ್ಮ ಹಾವೇರಿ ಸೀಮೆಯಲ್ಲಿ ಎರಡಕ್ಕೂ ಒಂದೇ ಮಾತು ಓಡಾಡಿತು, ಸಾಲ ಮನ್ನಾ. ಆಗ ನಾನು ಶಿಗ್ಗಾಂವಿಯ ಬ್ಯಾಂಕ್ ಶಾಖೆಯೊಂದರಲ್ಲಿ ಬೆಳೆ ಸಾಲದ ಕಡತ ನೋಡುತ್ತಿದ್ದೆ. ಎರಡು ಹೆಕ್ಟೇರ್, ಅಂದರೆ ಸುಮಾರು ಐದು ಎಕರೆವರೆಗೆ ಹೊಲ ಇದ್ದವರ ಅರ್ಹ ಬಾಕಿ ಪೂರ್ತಿ ಹೋಗುತ್ತಿತ್ತು, ಅದು ವೇವರ್. ಅದಕ್ಕಿಂತ ಹೆಚ್ಚು ಹೊಲದವರು ಸಾಮಾನ್ಯವಾಗಿ ಶೇ. 75 ಕಟ್ಟಿದರೆ ಮಾತ್ರ ಉಳಿದ ಶೇ. 25 ಬಿಡುತ್ತಿದ್ದರು, ಅದು ರಿಲೀಫ್.

ನಾಲ್ಕು ಎಕರೆಯವನ ಸಾಲ ಹೋಯಿತು, ಬದುವಿನಾಚೆಯ ಆರು ಎಕರೆಯವನದು ಉಳಿಯಿತು. "ಅವನದು ಹೋಗೇತಿ, ನಂದ್ಯಾಕ ಹೋಗಿಲ್ರಿ ಸಾಹೇಬ್ರ?" ಎಂದು ಕೇಳಿದವರಿಗೆ ಹಣ ತೆಗೆಯುವ ಚೀಟಿಯ ಬೆನ್ನಿಗೆ ಲೆಕ್ಕ ಬರೆದು ತೋರಿಸುತ್ತಿದ್ದೆ. ಮನ್ನಾ ಆಯಿತೆಂದು ನಂಬಿ ಕೈಕಟ್ಟಿ ಕುಳಿತು, ಗಡುವಿನೊಳಗೆ ಮುಕ್ಕಾಲು ಪಾಲು ಕಟ್ಟದೆ ಸಿಗಬೇಕಾದ ಕಾಲು ಪಾಲನ್ನೂ ಕಳೆದುಕೊಂಡವರ ಮುಖ ನನಗೆ ಮರೆಯಲಾಗಿಲ್ಲ.

ಇದೇ ಮನ್ನಾದ ಬುಟ್ಟಿಗೆ ಪತ್ರಿಕೆಗಳು ರೈಟ್ ಆಫ್ ಅನ್ನೂ ಸೇರಿಸುತ್ತವೆ. ಅದು ಮನ್ನಾ ಅಲ್ಲವೇ ಅಲ್ಲ. ವಸೂಲಾಗದ ಸಾಲಕ್ಕೆ ಬ್ಯಾಂಕು ತನ್ನ ಲಾಭದಿಂದ ಹಣ ತೆಗೆದಿಟ್ಟು, ಅದನ್ನು ತನ್ನ ಆಸ್ತಿಪಟ್ಟಿಯಿಂದ ಕೈಬಿಡುತ್ತದೆ, ಅಷ್ಟೆ. ಸಾಲಗಾರನ ಮೇಲಿನ ಹಕ್ಕು ಹಾಗೇ ಇರುತ್ತದೆ. ಉತಾರದಲ್ಲಿ ಕೂತ ಬೋಜಾ ಇಳಿಯುವುದಿಲ್ಲ, ವಸೂಲಿ ನೋಟಿಸೂ ನಿಲ್ಲುವುದಿಲ್ಲ. ಸೆಟಲ್ಡ್ ಮತ್ತು ಕ್ಲೋಸ್ಡ್ ಕೂಡ ಇಂಥದೇ ಜೋಡಿ. ರಾಜಿಯಲ್ಲಿ ಕಡಿಮೆ ಕಟ್ಟಿ ಮುಗಿಸಿದ ಸಾಲ ಸಿಬಿಲ್ ವರದಿಯಲ್ಲಿ ಸೆಟಲ್ಡ್ ಎಂದು ಕಾಣುತ್ತದೆ, ಪೂರ್ತಿ ಮುಟ್ಟಿಸಿದ್ದು ಕ್ಲೋಸ್ಡ್ ಎಂದು. ಮುಂದೆ ಟ್ರ್ಯಾಕ್ಟರ್ ಸಾಲ ಕೇಳಲು ಹೋದಾಗ ಆ ಒಂದು ಪದವೇ ಅಡ್ಡ ಬರಬಹುದು.

ಹಾನಗಲ್ಲಿಗೆ ವರ್ಗವಾದ ಮೇಲೆ ನನ್ನನ್ನು ಹೆಚ್ಚು ಕಾಡಿದ್ದು ವಿಟ್ನೆಸ್ ಮತ್ತು ಗ್ಯಾರಂಟರ್. "ಸಾಕ್ಷಿಗೊಂದು ಸಹಿ ಹಾಕಿ ಬಾರೋ" ಎಂದು ಅಳಿಯನೋ ಗೆಳೆಯನೋ ಕರೆದರೆ ನಮ್ಮ ಜನ ಇಲ್ಲ ಅನ್ನುವುದಿಲ್ಲ; ಇಲ್ಲ ಅಂದರೆ ಸಂಬಂಧ ಕೆಡುತ್ತದೆ. ಆದರೆ ಕಾಗದದಲ್ಲಿ ಸಹಿ ಬೀಳುವುದು ಗ್ಯಾರಂಟರ್ ಎಂಬಲ್ಲಿ. ಸಾಕ್ಷಿಯವನು ಇಂಥವರು ನನ್ನೆದುರು ಸಹಿ ಮಾಡಿದರು ಎಂದು ಹೇಳಿದರೆ ಸಾಕು. ಗ್ಯಾರಂಟರ್, ಅಂದರೆ ನಾವು ಶ್ಯೂರಿಟಿ ಎನ್ನುವ ಜಾಮೀನುದಾರ, 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಸಾಲಗಾರನಷ್ಟೇ ಹೊಣೆಗಾರ. ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಮೊದಲು ಅವನನ್ನೇ ಹಿಡಿಯಿರಿ ಎಂದು ಬ್ಯಾಂಕಿಗೆ ಹೇಳಲು ಬರುವುದಿಲ್ಲ. ಅಡಿಕೆ ಮಾರಿದ ದುಡ್ಡಿನಲ್ಲಿ ಅಳಿಯನ ಸಾಲ ತೀರಿಸಿದ ಹಿರಿಯರೊಬ್ಬರು ಕೊನೆಯವರೆಗೂ "ನಾ ಬರೇ ಸಾಕ್ಷಿ ಅದೀನ್ರಿ" ಎನ್ನುತ್ತಲೇ ಇದ್ದರು. ಸಹಿ ಹಾಕುವ ಮೊದಲು ಯಾರೂ ಅವರಿಗೆ ಓದಿ ಹೇಳಿರಲಿಲ್ಲ. ಅದು ಅನ್ಯಾಯ ಎಂದೇ ನನ್ನ ಭಾವನೆ.

ನಾಮಿನಿ ಮತ್ತು ವಾರಸುದಾರ ಒಂದೇ ಎಂದು ತಿಳಿದ ಅಣ್ಣತಮ್ಮಂದಿರು ಸವಣೂರಿನಲ್ಲಿ ನನ್ನ ಮೇಜಿನ ಮುಂದೆಯೇ ಜಗಳಾಡಿದ್ದಾರೆ. ಠೇವಣಿಯ ನಾಮಿನಿ ಹಣ ಪಡೆಯುವ ಕೈ ಮಾತ್ರ, ಒಡೆತನ ವಾರಸುದಾರರದು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಸ್ಪಷ್ಟವಾಗಿ ಹೇಳಿದೆ. (ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ ತಂದೆತಾಯಿ, ಗಂಡ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಆ ಹಣ ಅವರದೇ.) ಇಂಥ ಗೊಂದಲದ ಬೇರು ಶಾಲೆಯಲ್ಲೂ ಇದೆ. ನಮ್ಮ ಹೈಸ್ಕೂಲುಗಳಲ್ಲಿ ಪ್ರಿನ್ಸಿಪಲ್ ಅಂದರೆ ಕಾಲೇಜಿನ ಮುಖ್ಯಸ್ಥರು, ಪ್ರಿನ್ಸಿಪ್ಲ್ ಅಂದರೆ ತತ್ವ ಎಂದು ಬಾಯಿಪಾಠ ಮಾಡಿಸುತ್ತಾರೆ. ಅದೇ ಪ್ರಿನ್ಸಿಪಲ್ ಸಾಲದ ಖಾತೆಯಲ್ಲಿ ಅಸಲು ಎಂಬುದನ್ನು ಹೇಳಿಕೊಡುವುದಿಲ್ಲ. ಮಕ್ಕಳಿಗೆ ಅದನ್ನು ಒಂದು ಪಾಸ್‌ಬುಕ್ ಹಿಡಿದು ಕಲಿಸಬೇಕು.

ಹಿರೇಕೆರೂರಿನ ಗೋವಿನಜೋಳದ ರೈತರಿಗೆ ಬೆಳೆವಿಮೆಯ ಸಮ್ ಇನ್ಶೂರ್ಡ್ ಮೇಲೆಯೇ ಕಣ್ಣು. ಅದು ಸಿಗಬಹುದಾದ ಗರಿಷ್ಠ ಮಿತಿ; ಕೈಗೆ ಬರುವ ಕ್ಲೇಮ್ ಬೇರೆ. 2016ರಿಂದ ನಡೆದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಆಹಾರ ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ. 2ರವರೆಗೆ. ಪರಿಹಾರದ ಲೆಕ್ಕ ಮಾತ್ರ ಒಬ್ಬನ ಹೊಲದ್ದಲ್ಲ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿ ನಿಗದಿತ ಮಟ್ಟಕ್ಕಿಂತ ಎಷ್ಟು ಇಳಿಯಿತು ಎಂಬುದರ ಮೇಲೆ. ಆಲಿಕಲ್ಲು ಬಿದ್ದೋ ನೀರು ನಿಂತೋ ನಿಮ್ಮ ಹೊಲವೊಂದೇ ಹಾಳಾಗಿದ್ದರೆ 72 ಗಂಟೆಯೊಳಗೆ ತಿಳಿಸಬೇಕು.

2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆ ಬ್ಯಾಂಕುಗಳು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಹಾಳೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿದೆ. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಅದು ಇರಬೇಕು, ಓದಿ ತಿಳಿಸಬೇಕು, ತಿಳಿಯಿತೆಂದು ಸಹಿಯನ್ನೂ ಪಡೆಯಬೇಕು. ಬಡ್ಡಿಯ ಜೊತೆ ಶುಲ್ಕಗಳೂ ಸೇರಿದ ವಾರ್ಷಿಕ ದರ ಅದರಲ್ಲಿರುತ್ತದೆ. ಸಾಲದ ಪತ್ರಕ್ಕೆ ಸಹಿ ಹಾಕುವ ಮುನ್ನ ಆ ಹಾಳೆಯನ್ನು ಕನ್ನಡದಲ್ಲೇ ಕೇಳಿ ಪಡೆಯಿರಿ. ಕೊಡದಿದ್ದರೆ ಶಾಖೆಯ ವ್ಯವಸ್ಥಾಪಕರಿಗೆ ಲಿಖಿತ ಅರ್ಜಿ ಕೊಟ್ಟು, ಮುಟ್ಟಿದ ಸಹಿ ಮಾಡಿಸಿಕೊಳ್ಳಿ.