ವೈನ್ ಕುಡಿದರೆ ಕೆಲವರಿಗೆ ನಿದ್ದೆ ಬರುವುದೇಕೆ?



ಮದುವೆಯ ಊಟವಾಗಲಿ, ಕ್ರಿಸ್ಮಸ್ ರಾತ್ರಿಯಾಗಲಿ, ಎಲ್ಲರಿಗೂ ಒಂದೇ ಅಳತೆಯಲ್ಲಿ ವೈನ್ ಕೊಟ್ಟರೂ ಪರಿಣಾಮ ಒಂದೇ ಆಗಿರುವುದಿಲ್ಲ. ಒಬ್ಬರಿಗೆ ಮಾತು ಹೆಚ್ಚಾಗುತ್ತದೆ. ಇನ್ನೊಬ್ಬರು ಕುಳಿತಲ್ಲೇ ತೂಕಡಿಸುತ್ತಾರೆ. "ವೈನ್ ಒಳ್ಳೆಯದು, ಚೆನ್ನಾಗಿ ನಿದ್ದೆ ಬರುತ್ತದೆ" ಎನ್ನುವವರೂ ನಮ್ಮಲ್ಲಿದ್ದಾರೆ. ಈ ಮಾತು ಎಷ್ಟು ನಿಜವೆಂದು ನೋಡೋಣ.

ವೈನಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 12ರಿಂದ 14 ಪಾಲು ಮದ್ಯಸಾರವಿರುತ್ತದೆ. ನಿದ್ದೆ ತರಿಸುವುದು ಇದೇ. ಜೀಪಿಗೆ ಇರುವಂತೆ ನಮ್ಮ ಮೆದುಳಿಗೂ ಬ್ರೇಕು ಮತ್ತು ಎಕ್ಸಿಲರೇಟರ್ ಇವೆ. 'ಗಾಬಾ' ಎಂಬ ರಾಸಾಯನಿಕವು ಬ್ರೇಕಿನಂತೆ, 'ಗ್ಲುಟಮೇಟ್' ಎಂಬುದು ಎಕ್ಸಿಲರೇಟರಿನಂತೆ ಕೆಲಸ ಮಾಡುತ್ತವೆ. ಮದ್ಯಸಾರವು ಮೊದಲನೆಯದರ ಬಲವನ್ನು ಹೆಚ್ಚಿಸಿ ಎರಡನೆಯದರ ಬಲವನ್ನು ಕುಗ್ಗಿಸುತ್ತದೆ. ಹೀಗಾಗಿ ಆರಂಭದ ಉಲ್ಲಾಸ ಇಳಿಯುತ್ತಿದ್ದಂತೆ ಕಣ್ಣು ಎಳೆಯುತ್ತದೆ.

ದ್ರಾಕ್ಷಿಯ ಸಿಪ್ಪೆಯಲ್ಲಿ ನಿದ್ದೆಗೆ ಸಂಬಂಧಿಸಿದ ಮೆಲಟೋನಿನ್ ಇದೆಯೆಂದು 2006ರಲ್ಲಿ ಇಟಲಿಯ ವಿಜ್ಞಾನಿಗಳು ತೋರಿಸಿದರು. ಆದರೆ ಅದರ ಪ್ರಮಾಣ ತೀರಾ ಅಲ್ಪ. ಒಂದು ಗ್ಲಾಸು ವೈನಿನ ತೂಕಡಿಕೆಗೆ ಅದನ್ನು ಕಾರಣವೆನ್ನಲಾಗದು.

ಎಲ್ಲರಿಗೂ ಒಂದೇ ರೀತಿ ಏಕಾಗುವುದಿಲ್ಲ? ಖಾಲಿ ಹೊಟ್ಟೆಯಲ್ಲಿ ಕುಡಿದರೆ ಮದ್ಯಸಾರ ಬೇಗ ರಕ್ತಕ್ಕೆ ಸೇರುತ್ತದೆ. ತೂಕ ಕಡಿಮೆ ಇರುವವರಿಗೆ, ಸ್ತ್ರೀಯರಿಗೆ, ವಯಸ್ಸಾದವರಿಗೆ ಅಷ್ಟೇ ವೈನ್ ಹೆಚ್ಚು ತಾಗುತ್ತದೆ. ಹಗಲಿಡೀ ತೋಟದಲ್ಲಿ ದುಡಿದು, ನಿದ್ದೆಗೆಟ್ಟು ಬಂದವರಿಗಂತೂ ಕೇಳುವುದೇ ಬೇಡ.

ಆದರೆ ಈ ನಿದ್ದೆ ಪೂರ್ಣ ವಿಶ್ರಾಂತಿಯ ನಿದ್ದೆಯಲ್ಲ. 150 ಮಿಲಿಯ ಒಂದು ಗ್ಲಾಸು ವೈನನ್ನು ಕರಗಿಸಲು ಯಕೃತ್ತಿಗೆ ಸುಮಾರು ಒಂದೂವರೆಯಿಂದ ಎರಡು ಗಂಟೆ ಬೇಕು. ಅದು ಕರಗಿದ ಮೇಲೆ ಬ್ರೇಕು ಸಡಿಲಗೊಂಡು ನಡುರಾತ್ರಿಯಲ್ಲಿ ಎಚ್ಚರವಾಗುತ್ತದೆ, ಮೂತ್ರಕ್ಕೆ ಏಳಬೇಕಾಗುತ್ತದೆ. ಗಂಟಲಿನ ಸ್ನಾಯುಗಳು ಸಡಿಲವಾಗುವುದರಿಂದ ಗೊರಕೆಯೂ ಹೆಚ್ಚು. ದಿನಾ ನಿದ್ದೆಗೆಂದು ಕುಡಿಯುವವರಿಗೆ ಕ್ರಮೇಣ ಒಂದು ಗ್ಲಾಸು ಸಾಲದೆ ಎರಡು ಬೇಕಾಗುತ್ತದೆ. ಸಂತ ಪೌಲರು ತಿಮೊಥೇಯನಿಗೆ ಸ್ವಲ್ಪ ದ್ರಾಕ್ಷಾರಸ ಸೇವಿಸಲು ಹೇಳಿದ್ದು ಹೊಟ್ಟೆಯ ತೊಂದರೆಗೆ, ನಿದ್ದೆಗಲ್ಲ!

ಕೆಲವು ಸಂಗತಿಗಳನ್ನು ಮನೆಯವರೆಲ್ಲರೂ ತಿಳಿದಿರಬೇಕು.

ನಿದ್ದೆ ಮಾತ್ರೆ, ಫಿಟ್ಸ್‌ನ ಮಾತ್ರೆ, ಶೀತ-ಅಲರ್ಜಿಗೆ ಕೊಡುವ ಮಂಪರು ತರುವ ಮಾತ್ರೆ ಇವುಗಳ ಜೊತೆಗೆ ವೈನ್ ಬೇಡ. ಎರಡೂ ಸೇರಿದರೆ ಉಸಿರಾಟವೇ ಕುಂದಬಹುದು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಊಟ ಬಿಟ್ಟು ಕುಡಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಬೆವರು, ನಡುಕ, ತೊದಲು ಮಾತು, ಮಂಪರು ಇವೇ ಲಕ್ಷಣಗಳು. "ಕುಡಿದದ್ದು ಹೆಚ್ಚಾಗಿದೆ, ಮಲಗಲಿ" ಎಂದು ಬಿಟ್ಟುಬಿಡಬಾರದು. ನುಂಗಲು ಸಾಧ್ಯವಿದ್ದರೆ ಕೂಡಲೇ ಸಕ್ಕರೆ ನೀರು ಕೊಡಿ. ಎಬ್ಬಿಸಿದರೂ ಏಳದವರ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಾಗಿ ಮಲಗಿಸಿ, ತಡಮಾಡದೆ ಆಸ್ಪತ್ರೆಗೆ ಸಾಗಿಸಿ.

ವಾಹನ ಚಲಾಯಿಸುವವರ 100 ಮಿಲಿ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಮನ್ನು ಮೀರಬಾರದೆಂಬುದು ಕಾನೂನು. ಮನೆಯಲ್ಲಿ ಮಾಡಿದ ವೈನಿನ ತೀಕ್ಷ್ಣತೆ ಅಳೆದಿರುವುದಿಲ್ಲವಾದ್ದರಿಂದ ಲೆಕ್ಕ ಹಾಕಲು ಹೋಗದಿರುವುದೇ ಲೇಸು. ಕಾಫಿ ಕುಡಿದರೂ ತಣ್ಣೀರು ಸುರಿದುಕೊಂಡರೂ ಮದ್ಯಸಾರ ಬೇಗ ಇಳಿಯದು. ತಡರಾತ್ರಿಯವರೆಗೆ ಕುಡಿದು ಮರುದಿನ ಬೆಳಿಗ್ಗೆ ಅಡಿಕೆ ಮರ ಏರುವುದೂ ಅಪಾಯವೇ. ಅಂಥ ದಿನ ಕೊಯ್ಲನ್ನು ಮುಂದೂಡಿರಿ. ಗೊನೆ ಒಂದು ದಿನ ಕಾಯುತ್ತದೆ.

ನಿದ್ದೆ ಬಾರದವರು ಸಂಜೆಯ ಮೇಲೆ ಚಹಾ-ಕಾಫಿ ಬಿಟ್ಟು, ದಿನವೂ ಒಂದೇ ಹೊತ್ತಿಗೆ ಮಲಗಿ ನೋಡಲಿ. ವಾರಗಟ್ಟಲೆ ಹೀಗೇ ಆದರೆ ವೈದ್ಯರಿಗೆ ತೋರಿಸಲಿ. ಗ್ಲಾಸಿನಲ್ಲಿ ಸಿಗುವ ನಿದ್ದೆ ಸಾಲ ತಂದ ಹಣದಂತೆ. ನಡುರಾತ್ರಿಗೇ ಬಡ್ಡಿ ಕೇಳಲು ಬರುತ್ತದೆ.